‘ವೇ ಔಟ್’ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

1961ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 14 ಕಂತುಗಳಷ್ಟೇ ಬಾಳಿದ, ಕಂತಿಗೊಂದು ಅಲೌಕಿಕ ಭಯದ ಕಥೆ ಹೇಳುತ್ತಿದ್ದ ‘ವೇ ಔಟ್’ ಸರಣಿಯ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಆದರೆ ವಿಷಯದ ಮೇಲೆ ನಿಮಗಿರುವ ಪ್ರೀತಿ ಪ್ರತಿ ಪುಟದಲ್ಲೂ ಕಾಣುವುದರಿಂದ, ಎರಡು ಸಾಲಿನಲ್ಲಿ ವಿಷಾದ ತಿಳಿಸಿ ಮುಗಿಸಲು ಮನಸ್ಸು ಬರಲಿಲ್ಲ.

ಆರು ಪುಟಗಳಲ್ಲಿ ‘ಅದ್ಭುತ’ ಎಂಬ ಪದ ಹನ್ನೊಂದು ಸಲ ಬಂದಿದೆ. ಒಂದೇ ಒಂದು ಕಂತಿನ ಕಥೆಯೂ ಪೂರ್ತಿಯಾಗಿ ಬಂದಿಲ್ಲ. ನಮ್ಮ ಓದುಗರಲ್ಲಿ ಬಹುತೇಕರು ಈ ಸರಣಿಯ ಹೆಸರನ್ನೂ ಕೇಳಿರಲಾರರು. ನೀವು ಎರಡೇ ಪದಗಳಲ್ಲಿ ದಾಟಿಸಿದ ‘ಸಾಫ್ಟ್ ಫೋಕಸ್’ ಕಂತನ್ನು ನೋಡಿ. ಭಾವಚಿತ್ರವನ್ನು ತಿದ್ದಿದರೆ ಚಿತ್ರದಲ್ಲಿರುವವರ ಮುಖವೇ ಬದಲಾಗುವಂಥ ದ್ರಾವಣವೊಂದು ಛಾಯಾಗ್ರಾಹಕನ ಕೈಗೆ ಸಿಗುತ್ತದೆ. ಕೊನೆಗೆ ಅವನದೇ ಚಿತ್ರದ ಅರ್ಧಭಾಗ ಅಳಿಸಿಹೋಗಿ, ಅವನು ನಮ್ಮತ್ತ ತಿರುಗಿದಾಗ ಮುಖದ ಒಂದು ಪಕ್ಕದಲ್ಲಿ ಕಣ್ಣಿಲ್ಲ, ಹುಬ್ಬಿಲ್ಲ, ತುಟಿಯಿಲ್ಲ. ಬರೀ ನುಣುಪಾದ ಚರ್ಮ. ಮುಂದೆ ‘ದಿ ಎಕ್ಸಾರ್ಸಿಸ್ಟ್’ ಚಿತ್ರದಿಂದ ಹೆಸರಾದ ಡಿಕ್ ಸ್ಮಿತ್ ಮಾಡಿದ ಮೇಕಪ್ ಅದು. ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ವಿಡಿಯೊ ಟೇಪಿನ ಮೇಲೆ ಚಿತ್ರಿಸಿದ, ಕಪ್ಪುಬಿಳುಪಿನ, ಅರ್ಧ ಗಂಟೆಯ ನಾಟಕವೊಂದು ಇಷ್ಟನ್ನು ಸಾಧಿಸಿತ್ತು ಎಂದು ಬರೆದರೆ ‘ಅದ್ಭುತ’ ಎನ್ನುವುದನ್ನು ಓದುಗರೇ ಹೇಳಿಕೊಳ್ಳುತ್ತಾರೆ.

ಸರಣಿ ಹುಟ್ಟಿದ ಬಗೆಯನ್ನೂ ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಹಾಸ್ಯನಟ ಜಾಕಿ ಗ್ಲೀಸನ್ ನಡೆಸಿದ ಆಟದ ಕಾರ್ಯಕ್ರಮ ಆ ಜನವರಿಯಲ್ಲಿ ಒಂದೇ ಕಂತಿಗೆ ನೆಲಕಚ್ಚಿ, ಮರುವಾರ ಆತ ಬರಿದಾದ ವೇದಿಕೆಯಲ್ಲಿ ಕುಳಿತು ವೀಕ್ಷಕರ ಕ್ಷಮೆ ಕೇಳಿದ್ದು, ಆತನ ಸಮಯ ತೆರವಾದಾಗ ಮಾರ್ಚ್ 31ರಂದು ಬ್ರಿಟಿಷ್ ಕಥೆಗಾರ ರೊವಾಲ್ಡ್ ಡಾಲ್ ‘ವೇ ಔಟ್’ನ ನಿರೂಪಕರಾಗಿ ಅಲ್ಲಿ ಬಂದು ಕುಳಿತದ್ದು, ಇವು ಲೇಖನದ ಒಡಲಿನಲ್ಲೇ ಇರಬೇಕಾದ ಸಂಗತಿಗಳು.

ನನಗೆ ಒಪ್ಪಿಗೆಯಾಗದ ಮಾತು ಒಂದಿದೆ. ‘ಪ್ರೇಕ್ಷಕರ ಕೀಳು ಅಭಿರುಚಿಯೇ ಈ ಸರಣಿಯನ್ನು ಕೊಂದಿತು’ ಎಂದು ಬರೆದಿದ್ದೀರಿ. ಅದೇ ವಾಹಿನಿಯಲ್ಲಿ, ಅದೇ ಶುಕ್ರವಾರ ರಾತ್ರಿ, ಇದು ಮುಗಿದೊಡನೆ ಹತ್ತು ಗಂಟೆಗೆ ಲೇಖಕ ರಾಡ್ ಸರ್ಲಿಂಗ್ ಅವರ ‘ದಿ ಟ್ವಿಲೈಟ್ ಜೋನ್’ ಎಂಬ ಇಂಥದೇ ಅಲೌಕಿಕ ಕಥೆಗಳ ಸರಣಿ ಬರುತ್ತಿತ್ತು. ಅದು 1959ರಿಂದ 1964ರವರೆಗೆ 156 ಕಂತು ನಡೆಯಿತು. ಅಲೌಕಿಕ ಕಥೆಗಳಿಗೆ ಆ ಜನ ಬೆನ್ನು ತಿರುಗಿಸಿದವರಲ್ಲ. ಸರ್ಲಿಂಗ್ ಅವರ ಕಥೆಗಳಲ್ಲಿ ಎಷ್ಟು ಭಯವಿದ್ದರೂ ಮನುಷ್ಯನ ಮೇಲೆ ಮರುಕವಿರುತ್ತದೆ, ಅನೇಕ ಸಲ ನ್ಯಾಯವೂ ಸಿಗುತ್ತದೆ. ‘ವೇ ಔಟ್’ ತನ್ನ ಮೊದಲ ರಾತ್ರಿಯೇ ತೋರಿಸಿದ್ದು ಡಾಲ್ ಅವರ ‘ವಿಲಿಯಂ ಅಂಡ್ ಮೇರಿ’ ಕಥೆಯನ್ನು: ಸತ್ತ ಗಂಡನ ಮಿದುಳು ಒಂದು ಕಣ್ಣಿನೊಡನೆ ಬೋಗುಣಿಯಲ್ಲಿ ಜೀವಂತವಾಗಿ ಉಳಿದಿದೆ, ಅವನ ದಬ್ಬಾಳಿಕೆಯನ್ನು ಜೀವನವಿಡೀ ಸಹಿಸಿದ ಹೆಂಡತಿ ಅದನ್ನು ತನ್ನ ಮನೆಗೆ ಒಯ್ಯಲು ಹಂಬಲಿಸುತ್ತಾಳೆ. ಇಲ್ಲಿ ಯಾರ ಪರ ನಿಲ್ಲಬೇಕೆಂದು ನೋಡುಗನಿಗೆ ಯಾರೂ ಹೇಳುವುದಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಟಿವಿ ನೋಡುತ್ತಿದ್ದ ಕಾಲದಲ್ಲಿ ಈ ನಿರ್ದಯತೆಯನ್ನು ವಾರವಾರವೂ ಮನೆಯೊಳಗೆ ಬಿಟ್ಟುಕೊಳ್ಳುವುದು ಸುಲಭವಾಗಿರಲಿಲ್ಲ ಎಂದು ನನಗೆ ತೋರುತ್ತದೆ. ಆ ಜನರನ್ನು ಬೈಯದೆ, ಅವರ ಪಕ್ಕದಲ್ಲಿ ಕುಳಿತು ಬರೆಯಿರಿ. ಸರಣಿ ಜುಲೈನಲ್ಲಿ ನಿಂತಿತು. 14 ಕಂತುಗಳ ಸಣ್ಣ ಗಂಟನ್ನು ಕೊಂಡು ದಿನಾ ಮರುಪ್ರಸಾರ ಮಾಡುವುದು ಸ್ಥಳೀಯ ಕೇಂದ್ರಗಳಿಗೆ ಕಷ್ಟ ಎಂಬ ಲೆಕ್ಕವನ್ನೂ ಒಂದು ವಾಕ್ಯದಲ್ಲಿ ಸೇರಿಸಿ.

ಮೊದಲ ಎರಡು ಪುಟಗಳನ್ನು ಕೈಬಿಟ್ಟು, ಆ ಅರ್ಧ ಮುಖದಿಂದಲೇ ಆರಂಭಿಸಿ. ನಾಲ್ಕನೆಯ ಪುಟದಲ್ಲಿ ಡಾಲ್ ಅವರ ತಣ್ಣನೆಯ ದನಿಯ ಬಗ್ಗೆ ಬರೆದಿರುವ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ, ಕಾಯುತ್ತಿರುತ್ತೇನೆ.

ಇಂತು,
ಸಂಪಾದಕ