ಆಭಾ ಸಂಖ್ಯೆ ಇದೆ, ದಾಖಲೆ ಎಲ್ಲಿ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಹೃದ್ರೋಗ ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಆಭಾ ಕಾರ್ಡ್ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಕಾರ್ಡ್) ಮಾಡಿಸಿದ್ದೇವೆ. ಶಿವಮೊಗ್ಗದಲ್ಲಿ ಚಿಕಿತ್ಸೆಯಾಗಿ, ಮುಂದಿನ ವಾರ ಮಂಗಳೂರಿಗೆ ಕರೆದೊಯ್ದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಏನೂ ಕಾಣಲಿಲ್ಲ. ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿಸಿದರು. ಈ ಕಾರ್ಡಿನಿಂದ ಪ್ರಯೋಜನವೇನು? (ಹೊಸನಗರ)

ಉತ್ತರ: ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕಾರ್ಡ್ ಮಾಡಿಕೊಡುವವರು ಅರ್ಧ ಮಾತು ಹೇಳಿ ಕಳಿಸುವುದೇ ಇದಕ್ಕೆ ಕಾರಣ. 14 ಅಂಕಿಯ ಆ ಸಂಖ್ಯೆಯೊಳಗೆ ಯಾವ ವರದಿಯೂ ಇರುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಏರ್ಪಾಡೇ ಹಾಗಿದೆ. ದಾಖಲೆ ತಾನು ಹುಟ್ಟಿದ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಇನ್ನೊಂದು ಆಸ್ಪತ್ರೆ ಕೇಳಿ, ನೀವು ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ ಮಾತ್ರ ಅಲ್ಲಿಗೆ ಹೋಗುತ್ತದೆ. ಎರಡೂ ಆಸ್ಪತ್ರೆಗಳ ಸಾಫ್ಟ್‌ವೇರ್ ಈ ಜಾಲಕ್ಕೆ ಸೇರಿರಬೇಕು. ಮೊದಲ ಆಸ್ಪತ್ರೆಯವರು ಆ ದಿನದ ಭೇಟಿಯನ್ನು ನಿಮ್ಮ ಆಭಾಕ್ಕೆ ಜೋಡಿಸಿಯೂ ಇರಬೇಕು. ನೋಂದಣಿ ಕೌಂಟರಿನಲ್ಲಿ ಹೆಸರು, ಊರು ಹೇಳಿ ಚೀಟಿ ತೆಗೆದುಕೊಂಡಿದ್ದರೆ ಕೊಂಡಿ ಅಲ್ಲೇ ತಪ್ಪಿರುತ್ತದೆ. ಕಾರ್ಡ್ ಜೇಬಿನಲ್ಲಿದ್ದರೆ ಸಾಲದು, ಕೌಂಟರಿನಲ್ಲಿ ತೋರಿಸಿ 'ಇದಕ್ಕೆ ಲಿಂಕ್ ಮಾಡಿ' ಎಂದು ಬಾಯಿಬಿಟ್ಟು ಕೇಳಬೇಕು.

ಆಮೇಲಿನ ತೊಡಕು ಹೆಸರಿನದು. ಹಳೆಯ ದಾಖಲೆ ಹುಡುಕುವಾಗ ಮೊಬೈಲ್ ಸಂಖ್ಯೆ, ಹೆಸರು, ಲಿಂಗ, ಹುಟ್ಟಿದ ವರ್ಷ ತಾಳೆಯಾಗಬೇಕು. ಆಧಾರ್‌ನಲ್ಲಿ 'ಮಂಜಪ್ಪ ಕೆ', ಆಸ್ಪತ್ರೆಯಲ್ಲಿ 'ಮಂಜುನಾಥಪ್ಪ', ವಯಸ್ಸು ಅಂದಾಜಿನದು, ಮೊಬೈಲ್ ಬೆಂಗಳೂರಿನಲ್ಲಿರುವ ಮಗನದು ಎಂದಾದರೆ ಒಬ್ಬರೇ ಮನುಷ್ಯ ಎರಡು ಮೂರು ರೋಗಿಗಳಾಗಿ ಹರಿದುಹೋಗುತ್ತಾರೆ. ಎಲ್ಲ ಕಡೆ ಆಧಾರ್‌ನಲ್ಲಿರುವ ಹೆಸರನ್ನೇ ಬರೆಸಿ. ರೋಗಿಯ ಜೊತೆ ಆಸ್ಪತ್ರೆಗೆ ಹೋಗುವವರ ಫೋನ್ ಸಂಖ್ಯೆಯನ್ನೇ ಆಭಾಕ್ಕೆ ಕೊಡಿ. ಓಟಿಪಿ ಬೆಂಗಳೂರಿಗೆ ಹೋಗಿ, ಮಗ ಮೀಟಿಂಗಿನಲ್ಲಿದ್ದರೆ ವೈದ್ಯರು ಕಾಯುವುದಿಲ್ಲ.

ಇನ್ನು ಮರುಪರೀಕ್ಷೆ. ಎಲ್ಲವೂ ದುಡ್ಡು ಹೊಡೆಯುವ ತಂತ್ರವಲ್ಲ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರಾವಣ) ಕೊಟ್ಟು ಸಿಟಿ ಮಾಡುವ ಮೊದಲು ಹೊಸ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ) ಕೇಳುವುದು ಸರಿ. ರಕ್ತ ಕೊಡುವ ಮೊದಲು ಗುಂಪನ್ನು, ಕ್ರಾಸ್‌ಮ್ಯಾಚನ್ನು (ಕೊಡುವ ರಕ್ತ ಒಗ್ಗುವುದೇ ಎಂಬ ಪರೀಕ್ಷೆ) ಅಲ್ಲೇ ಮಾಡಲೇಬೇಕು. ರಕ್ತದ ಗುಂಪಿನ ಹಳೆಯ ಕಾರ್ಡನ್ನು ನಂಬಿ ರಕ್ತ ಏರಿಸುವಂತಿಲ್ಲ. ಎದೆನೋವಿದ್ದರೆ ಇಸಿಜಿ, ಟ್ರೊಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಕೆಲವೇ ಗಂಟೆಗಳಲ್ಲಿ ಮತ್ತೆ ಬೇಕಾಗಬಹುದು. ಆದರೆ ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸಕ್ಕರೆಯ ಲೆಕ್ಕ. ವಾರದ ಹಿಂದಿನ ವರದಿ ಕೈಯಲ್ಲಿರುವಾಗ ಮತ್ತೆ ಮಾಡಿಸಲು ಹೇಳಿದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ.

ಜಾಲ ಎಲ್ಲ ಕಡೆ ಕೂಡಿಬರುವವರೆಗೆ, ಅದಕ್ಕಿಂತ ಹೆಚ್ಚಾಗಿ ಆಗುಂಬೆ, ಹೊಸನಗರ ತಾಲ್ಲೂಕಿನ ನಗರದ ಕಡೆ ಮಳೆಗಾಲದಲ್ಲಿ ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಹೋಗುವಾಗ, ನೀವೇ ಮಾಡಿಕೊಳ್ಳಬೇಕಾದ ಕೆಲಸವಿದೆ. ಹಳೆಯ ಡಿಸ್ಚಾರ್ಜ್ ಸಮರಿ, ಎಕೋ ವರದಿ, ಆಂಜಿಯೋಗ್ರಾಂ ವರದಿಗಳನ್ನು ಹಗಲು ಬೆಳಕಿನಲ್ಲಿ ನೆರಳು ಬೀಳದಂತೆ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ. ಕಡತದ ಹೆಸರು ತಾರೀಖಿನಿಂದ ಶುರುವಾಗಲಿ: '2024-08-12 ಎಕೋ'. ಆಗ ತಾವಾಗಿಯೇ ಸಾಲಾಗಿ ಕೂರುತ್ತವೆ. ಇವನ್ನು ಆಭಾ ಆ್ಯಪ್‌ಗೆ ಏರಿಸಿ, ಜೊತೆಗೆ ಫೋನಿನೊಳಗೂ ಒಂದು ಪ್ರತಿ ಇಟ್ಟುಕೊಳ್ಳಿ. ಸಿಟಿ, ಎಂಆರ್‌ಐ ಫಿಲ್ಮಿನ ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಸೂಕ್ಷ್ಮ ವಿವರ ಉಳಿಯುವುದಿಲ್ಲ. ಡೈಕಾಮ್ ಕಡತಗಳಿರುವ (ಸ್ಕ್ಯಾನ್ ಯಂತ್ರದ ಮೂಲ ಚಿತ್ರಗಳಿರುವ) ಸಿಡಿಯನ್ನೋ ಪೆನ್‌ಡ್ರೈವನ್ನೋ ಕೇಳಿ ಪಡೆಯಿರಿ. ಲಿಂಕ್ ಕೊಟ್ಟರೆ ಅವತ್ತೇ ಇಳಿಸಿಕೊಳ್ಳಿ, ಎಷ್ಟೋ ಲಿಂಕ್‌ಗಳು ಕೆಲವು ದಿನಗಳಲ್ಲೇ ಮುಚ್ಚಿಹೋಗುತ್ತವೆ.

ಇಸಿಜಿ ಕಾಗದವನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ! ಮಲೆನಾಡಿನ ತೇವಕ್ಕೆ ಹೆದರಿ ಎಲ್ಲವನ್ನೂ ಲ್ಯಾಮಿನೇಷನ್ ಅಂಗಡಿಗೆ ಕೊಡುತ್ತೀರಿ. ಅದು ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ, ಯಂತ್ರದಿಂದ ಹೊರಬರುವಷ್ಟರಲ್ಲಿ ಗೆರೆಗಳೆಲ್ಲ ಕಪ್ಪಿನಲ್ಲಿ ಮುಳುಗಿರುತ್ತವೆ. ಬಿಟ್ಟರೂ ಕಾಲಕ್ರಮೇಣ ಮಾಸುತ್ತದೆ. ತೆಗೆದ ದಿನವೇ ಹೆಸರು, ತಾರೀಖು, ಸಮಯ ಕಾಣುವಂತೆ ಫೋಟೋ ತೆಗೆದಿಡಿ.

ಮಾತ್ರೆಯ ವಿಷಯ ಎಲ್ಲಕ್ಕಿಂತ ಮುಖ್ಯ. 'ಸಣ್ಣ ಬಿಳಿ ಮಾತ್ರೆ' ಎಂದರೆ ಯಾವ ವೈದ್ಯರಿಗೂ ಏನೂ ತಿಳಿಯದು. ಸ್ಟ್ರಿಪ್ಪಿನ ಹಿಂಬದಿ, ಹೆಸರು ಮತ್ತು ಮಿಲಿಗ್ರಾಂ ಓದಲು ಬರುವಂತೆ ಫೋಟೋ ಇರಲಿ. ಹೆಸರಿರುವ ತುದಿಯನ್ನೇ ಮೊದಲು ಕತ್ತರಿಸುವ ಅಭ್ಯಾಸ ಬಿಡಿ. ರಕ್ತ ತೆಳುವಾಗಿಸುವ ಮಾತ್ರೆ, ಸ್ಟೆಂಟ್ ಹಾಕಿದ ತಾರೀಖು, ಒಗ್ಗದ ಔಷಧ, ಕೊನೆಯ ಕ್ರಿಯಾಟಿನಿನ್ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ರೋಗಿಯ ಚೀಲದಲ್ಲೂ ಇಡಿ.

ಪ್ರಶ್ನೆ: ಆಭಾ ಇದ್ದರೆ ಚಿಕಿತ್ಸೆ ಉಚಿತವೇ? (ಸಾಗರ)

ಉತ್ತರ: ಅಲ್ಲ. ಉಚಿತ ಚಿಕಿತ್ಸೆಯ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡೇ ಬೇರೆ. ಆಭಾ ಮಾಡಿಸಲು ಸರ್ಕಾರದ ಶುಲ್ಕವೂ ಇಲ್ಲ.

ಪ್ರಶ್ನೆ: ಎದೆನೋವು ಬಂದರೆ ಇ-ಸಂಜೀವನಿಯಲ್ಲಿ (ವೈದ್ಯರನ್ನು ಆನ್‌ಲೈನಿನಲ್ಲಿ ಕೇಳುವ ಸರ್ಕಾರಿ ಸೇವೆ) ಕೇಳಬಹುದೇ? (ಸೊರಬ)

ಉತ್ತರ: ಬೇಡ. 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಕಾಡಿಗೆ ಹೋಗಿ ಬಂದ ಮೇಲೆ ಜ್ವರ. ಊರಲ್ಲೇ ಇಂಜೆಕ್ಷನ್ ಕೊಡುವವರಿದ್ದಾರೆ, ವರದಿಗಿರದಿ ಯಾಕೆ ಬೇಕು? (ತೀರ್ಥಹಳ್ಳಿ)

ಉತ್ತರ: ಚೀಟಿ ಬರೆಯದೆ ಸೂಜಿ ಚುಚ್ಚುವವನ ಹತ್ತಿರ ಹೋಗಲೇಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇಂದಿಗೂ ನಮ್ಮ ಜಿಲ್ಲೆಯಲ್ಲಿದೆ. ಅದರಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗಬಹುದು. ಅಂಥ ಮೈಗೆ ನೋವಿನ ಔಷಧ ಡೈಕ್ಲೋಫೆನಾಕ್ ಚುಚ್ಚುವುದು, ಆಸ್ಪಿರಿನ್ ಕೊಡುವುದು ಅಪಾಯ. ಏನು ಚುಚ್ಚಿದರೆಂದು ಎಲ್ಲೂ ಬರೆದಿಲ್ಲದಿದ್ದರೆ ಮುಂದಿನ ವೈದ್ಯರು ಕತ್ತಲಲ್ಲಿ ತಡಕಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಜ್ವರ ಶುರುವಾದ ತಾರೀಖು, ಕಾಡಿಗೆ ಹೋದ ದಿನ, ಉಣುಗು ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತ ಜಾಗ ಎಲ್ಲ ಹೇಳಿ ಬರೆಸಿ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ವೈರಸ್ಸನ್ನು ಹಿಡಿಯುತ್ತದೆ, ತಡವಾದರೆ ಐಜಿಎಂ (ವೈರಸ್ಸಿನ ವಿರುದ್ಧ ಮೈಯಲ್ಲಿ ಹುಟ್ಟುವ ಪ್ರತಿಕಾಯ) ನೋಡಬೇಕು. ತಾರೀಖು ತಪ್ಪಾಗಿ ನಮೂದಾದರೆ ತಪ್ಪು ಪರೀಕ್ಷೆ ನಡೆದು, ಕಾಯಿಲೆ ಇದ್ದೂ 'ನೆಗೆಟಿವ್' ಎಂಬ ವರದಿ ಬರಬಹುದು.