ಅತ್ತಿಬೆಲೆಯ ಬೀದಿಯಲ್ಲಿ ಎಲಾಸ್ಟಿಕ್ಕು, ಕುಂಟೆಬಿಲ್ಲೆ

ನಿಮ್ಮ ಜರ್ಮನಿಯಲ್ಲಿ ಎಲಾಸ್ಟಿಕ್ ಪಟ್ಟಿ ಮೇಲೆ ಎಗರೋ ಆಟಕ್ಕೆ ಗುಮ್ಮಿಟ್ವಿಸ್ಟ್ ಅಂತಾರೆ, ಪೂರ್ವ ಜರ್ಮನಿ ಕಡೆಯವರು ಗುಮ್ಮಿಹೋಪ್ಸೆ ಅಂತಾರೆ, ಅತ್ತಿಬೆಲೆಯವರು ಏನಂತೀರಿ ಅಂತ ಕೇಳಿದ್ರಿ. ನಾವು ಅನ್ನೋದು ಎಲಾಸ್ಟಿಕ್ಕು, ಅಷ್ಟೇ. ಲಂಗದ ಸೊಂಟಕ್ಕೆ ಹಾಕೋ ಬಿಳಿ ಎಲಾಸ್ಟಿಕ್ಕನ್ನ ನಾಲ್ಕು ಮೀಟರ್ ತಂದು, ತುದಿಗೆ ತುದಿ ಗಂಟು ಹಾಕ್ತಿದ್ವಿ. ಇಬ್ಬರು ಅದರೊಳಗೆ ಎದುರುಬದುರು ಕಾಲಗಲಿಸಿ ನಿಲ್ಲೋದು, ಮೂರನೆಯವಳು ಎಗರೋದು. ಮೊದಲು ಹರಡಿನ ಮಟ್ಟ, ಆಮೇಲೆ ಮಂಡಿ, ಆಮೇಲೆ ಸೊಂಟ. ಇಬ್ಬರೇ ಇದ್ದ ದಿನ ಆ ಕಡೆಗೊಂದು ಕುರ್ಚಿ.

ಅತ್ತಿಬೆಲೆ ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕು. ಗಡಿ ದಾಟಿದ್ರೆ ತಮಿಳುನಾಡು, ಹೊಸೂರು. ನಮ್ಮ ಪಕ್ಕದ ಮನೆಯವರು ತೆಲುಗು, ಎದುರು ಮನೆಯವರು ತಮಿಳು. ಮೂರೂ ಮನೆ ಹುಡುಗೀರಿಗೂ ಅದು ಎಲಾಸ್ಟಿಕ್ಕೇ. ಅಂಗಡಿಯಿಂದ ಬಂದದ್ದು, ಹೆಸರನ್ನೂ ಕಟ್ಟಿಕೊಂಡೇ ಬಂತು.

ಹೆಸರಿನ ಸೊಗಸು ಬೇಕಂದ್ರೆ ಕುಂಟೆಬಿಲ್ಲೆ ಬಗ್ಗೆ ಕೇಳಬೇಕಿತ್ತು ನೀವು. ಮಣ್ಣಲ್ಲಿ ಗೆರೆ ಎಳೆದು ಎಂಟು ಮನೆ ಮಾಡಿ, ಬಚ್ಚ ಎಸೆದು, ಗೆರೆ ತುಳಿಯದ ಹಾಗೆ ಒಂಟಿಕಾಲಲ್ಲಿ ಹೋಗಿ ಬರೋ ಆಟ. ಬಚ್ಚ ಅಂದ್ರೆ ಒಡೆದ ಹೆಂಚಿನ ಚೂರು. ಅದನ್ನ ಬಟ್ಟೆ ಒಗೆಯೋ ಕಲ್ಲಿಗೆ ಉಜ್ಜಿ ಉಜ್ಜಿ ಗುಂಡಗೆ ಮಾಡಿಕೊಳ್ತಿದ್ವಿ, ಬೆರಳೆಲ್ಲ ಕೆಂಪು ಪುಡಿ. ಚೆನ್ನಾಗಿ ಕೂತ ಬಚ್ಚ ಎಸೆದಲ್ಲೇ ನಿಲ್ಲುತ್ತೆ, ಜಾರಲ್ಲ. ಅಂಥದ್ದನ್ನ ಯಾರಿಗೂ ಕೊಡ್ತಿರಲಿಲ್ಲ, ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತಿದ್ದೆ.

ಇದೇ ಆಟ ಪಕ್ಕದ ಮನೆಯಲ್ಲಿ ತೊಕ್ಕುಡುಬಿಳ್ಳ. ಎದುರು ಮನೆಯಲ್ಲಿ ಪಾಂಡಿ, ಆ ಮನೆ ಅಜ್ಜಿಯ ಬಾಯಲ್ಲಿ ನೊಂಡಿ. ಬಿಲ್ಲೆ, ಬಿಳ್ಳ ಎರಡೂ ಒಂದೇ. ತೆಲುಗಲ್ಲಿ ತೊಕ್ಕೋದು ಅಂದ್ರೆ ತುಳಿಯೋದು, ತಮಿಳಲ್ಲಿ ನೊಂಡಿ ಅಂದ್ರೆ ಕುಂಟೋದು. ಕನ್ನಡದವರು, ತಮಿಳರು ಮೇಲೆತ್ತಿದ ಕಾಲು ನೋಡಿ ಹೆಸರಿಟ್ಟರು, ತೆಲುಗಿನವರು ನೆಲಕ್ಕೂರಿದ ಕಾಲು ನೋಡಿ. ಇದು ಹೊಳೆದ ದಿನ ನನಗಾದ ಖುಷಿ ಇನ್ನೂ ಹೋಗಿಲ್ಲ. ಆಡೋವಾಗ ಮಾತ್ರ ಯಾರ ಮನೆ ಅಂಗಳವೋ ಅವರ ಹೆಸರು. ಎದುರು ಮನೆ ಗೇಟಲ್ಲಿ ನಿಂತು, "ಬಾರೇ, ಪಾಂಡಿ ಆಡೋಣ" ಅಂತ ನಾನೇ ಕೂಗ್ತಿದ್ದೆ.

ಕುಂಟೆಬಿಲ್ಲೆಯ ಕೊನೆಗೆ ಕಣ್ಣು ಮುಚ್ಚಿ, ತಲೆ ಮೇಲೆತ್ತಿ ಒಂದೊಂದೇ ಮನೆಗೆ ಕಾಲಿಡ್ತಾ "ರೈಟಾ?" ಅನ್ನಬೇಕು. ಸುತ್ತ ನಿಂತವರು "ರೈಟು" ಅಂದರಷ್ಟೇ ಮುಂದೆ.

ಭಾನುವಾರ ಮಗಳನ್ನ ಕರ್ಕೊಂಡು ಬನ್ನಿ. ಎಲಾಸ್ಟಿಕ್ಕು ನೀವು ತನ್ನಿ, ಬಚ್ಚ ನಾನು ಉಜ್ಜಿ ಇಟ್ಟಿರ್ತೀನಿ.