ತುಮಕೂರಿನ ಹಳೇ ಚರ್ಚಿನಲ್ಲಿ 1910ರ ಸುಮಾರಿನ ದೀಕ್ಷಾಸ್ನಾನದ ದಾಖಲೆ ಹುಡುಕುವುದು ಹೇಗೆ?

ಮೊದಲು ಯಾವ ಮಿಷನ್ ಎಂಬುದು ಗೊತ್ತಿರಬೇಕು. ತುಮಕೂರು ವೆಸ್ಲಿಯನ್ನರದು (ಇಂಗ್ಲೆಂಡಿನ ಮೆಥಡಿಸ್ಟರು), ಚಿಕ್ಕಬಳ್ಳಾಪುರ ಲಂಡನ್ ಮಿಷನ್ನಿನದು. ಎರಡೂ 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐಗೆ ಸೇರಿದವು. ಕೋಲಾರದ ಅಮೆರಿಕನ್ ಮೆಥಡಿಸ್ಟರು ಸೇರಲಿಲ್ಲ.

ರಿಜಿಸ್ಟರ್ ಸಾಮಾನ್ಯವಾಗಿ ಚರ್ಚಿನ ಬೀರುವಿನಲ್ಲೇ ಇರುತ್ತದೆ. ಸಭಾಪಾಲಕರಿಗೆ ಅರ್ಜಿ ಕೊಡುವಾಗ ಒಂದೇ ವರ್ಷ ಬರೆಯಬೇಡಿ, ಹಿಂದೆ ಮುಂದೆ ಐದೈದು ವರ್ಷ ಸೇರಿಸಿ. ಪುಟಗಳು ಸಾಗುವುದು ಹುಟ್ಟಿದ ದಿನದ ಕ್ರಮದಲ್ಲಲ್ಲ, ದೀಕ್ಷೆಯ ದಿನದ ಕ್ರಮದಲ್ಲಿ. ದೊಡ್ಡವರಾದ ಮೇಲೆ ದೀಕ್ಷೆ ಪಡೆದವರ ಹೆಸರೂ ಬದಲಾಗಿರಬಹುದು, ಹಾಗಾಗಿ ತಂದೆಯ ಹೆಸರು, ಊರು ಹಿಡಿದು ಹುಡುಕಿ. ಇಂಗ್ಲಿಷ್ ಕಾಗುಣಿತವನ್ನಂತೂ ನಂಬಲೇಬೇಡಿ.

ಲಂಡನ್ನಿನ ಸೋಯಸ್ (SOAS) ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಈ ಎರಡೂ ಮಿಷನ್ನುಗಳ ಕಡತಗಳಿವೆ, ಆದರೆ ಹೆಚ್ಚಿನವು ಪತ್ರ, ವರದಿಗಳು. ಪುಟ ಪುಡಿಯಾಗುವಂತಿದ್ದರೆ ಜೆರಾಕ್ಸ್ ಬೇಡ, ಕಿಟಕಿ ಬೆಳಕಿನಲ್ಲಿ ಫೋಟೊ ಸಾಕು.